ಹಳೇ ಟೈಲ್ಸ್ ನೆಲ: ಬಣ್ಣ ಹಚ್ಚಬೇಕಾ, ಶೀಟ್ ಹಾಸಬೇಕಾ, ಮೇಲೇ ಹೊಸ ಟೈಲ್ಸ್ ಕೂರಿಸಬೇಕಾ?

ಟೈಲ್ಸ್ ನೆಲಕ್ಕೆ ಬಣ್ಣ ಹಚ್ಚುವ ವಿಡಿಯೋಗಳು ಈಗ ಎಲ್ಲರ ಫೋನಿನಲ್ಲೂ ಓಡುತ್ತಿವೆ. ಮಾಸಿದ ಕಂದು ಟೈಲ್ಸ್ ಎರಡು ನಿಮಿಷದಲ್ಲಿ ಕಪ್ಪು ಬಿಳುಪಿನ ಹೂಬಳ್ಳಿ ನೆಲವಾಗಿಬಿಡುತ್ತದೆ. ನೋಡಿದರೆ ಯಾರಿಗಾದರೂ ಆಸೆ ಆಗುತ್ತದೆ, ಅಲ್ವಾ? ಆದರೆ ಅವುಗಳಲ್ಲಿ ಹೆಚ್ಚಿನವು ಇಂಗ್ಲೆಂಡ್, ಅಮೆರಿಕದ ಕಡೆಯ ಮನೆಗಳು. ಅಲ್ಲಿ ಸ್ನಾನ ಟಬ್ಬಿನಲ್ಲೋ ಗಾಜಿನ ಬಾಗಿಲ ಒಳಗೋ ಮುಗಿಯುತ್ತದೆ, ಬಾತ್‌ರೂಮಿನ ನೆಲ ಬಹುಪಾಲು ಒಣಗಿಯೇ ಇರುತ್ತದೆ. ನಮ್ಮಲ್ಲಿ ಹಾಗಲ್ಲ. ಬಕೆಟ್ಟಿನಿಂದ ಸುರಿದ ನೀರೆಲ್ಲ ನೆಲಕ್ಕೇ ಬೀಳಬೇಕು, ವಾರಕ್ಕೊಮ್ಮೆ ಆಸಿಡ್ ಹಾಕಿ ಉಜ್ಜಬೇಕು, ಅಡುಗೆಮನೆಯಲ್ಲಿ ಸಿಲಿಂಡರ್ ಉರುಳಿಸಬೇಕು, ಈಳಿಗೆಮಣೆ ಇಟ್ಟುಕೊಂಡು ನೆಲದ ಮೇಲೇ ಕೂರಬೇಕು, ದಿನಾ ಬೆಳಗ್ಗೆ ಫಿನಾಯಿಲ್ ನೀರಿನಲ್ಲಿ ಒರೆಸಬೇಕು. ಅದಕ್ಕೇ ನನ್ನ ಮಾತು ಇಷ್ಟೇ: ನೆಲ ಎಷ್ಟು ಹಳೆಯದಾಗಿ ಕಾಣುತ್ತಿದೆ ಅಂತ ನೋಡಿ ಆರಿಸಬೇಡಿ. ಅದರ ಮೇಲೆ ದಿನಾ ಏನೇನು ನಡೆಯುತ್ತದೆ ಅಂತ ನೋಡಿ ಆರಿಸಿ.

ಇರುವ ದಾರಿಗಳು ಐದು. ಟೈಲ್ಸ್ ನಡುವಿನ ಸಂದು ಮಾತ್ರ ಹೊಸದು ಮಾಡುವುದು, ಬಣ್ಣ, ವಿನೈಲ್ ಅನ್ನುವ ಪ್ಲಾಸ್ಟಿಕ್ ಹಾಸು, ಹಳೇ ಟೈಲ್ಸ್ ಮೇಲೇ ಹೊಸ ಟೈಲ್ಸ್, ಮತ್ತೆ ಎಲ್ಲ ಕಿತ್ತು ಹೊಸದಾಗಿ ಹಾಕಿಸುವುದು. ಖರ್ಚು ಸುಮಾರಾಗಿ ಇದೇ ಕ್ರಮದಲ್ಲಿ ಏರುತ್ತದೆ. ಆದರೆ ಬಣ್ಣಕ್ಕೂ ವಿನೈಲ್‌ಗೂ ನಡುವೆ ಯಾವುದು ಕಡಿಮೆ ಅನ್ನುವುದು ನೀವು ತರುವ ಮಾಲಿನ ಮೇಲೆ ಹೋಗುತ್ತದೆ. ಒಳ್ಳೆಯ ಎಪಾಕ್ಸಿ ಬಣ್ಣ (ಎರಡು ಡಬ್ಬದ್ದು ಬೆರೆಸಿದಾಗ ಗಟ್ಟಿಯಾಗುವಂಥದ್ದು), ಅದಕ್ಕೂ ಮೊದಲು ಹಚ್ಚುವ ಪ್ರೈಮರ್, ಮೇಲಿನ ಕೋಟ್ ಎಲ್ಲ ಸೇರಿದರೆ ಸಾಧಾರಣ ವಿನೈಲ್ ಶೀಟಿಗಿಂತ ಜಾಸ್ತಿಯೇ ಆಗಬಹುದು. "ಬಣ್ಣ ಅಂದರೆ ಅಗ್ಗ" ಅಂತ ಮೊದಲೇ ತೀರ್ಮಾನಿಸಿಕೊಂಡು ಅಂಗಡಿಗೆ ಹೋಗಬೇಡಿ.

ಮೊದಲು ನೆಲವನ್ನು ತಟ್ಟಿ ನೋಡಿ

ಏನೇ ಮಾಡುವುದಿದ್ದರೂ ಇದೊಂದು ಬಿಡುವಂತಿಲ್ಲ. ಒಂದು ನಾಣ್ಯವನ್ನೋ ಮರದ ಕೋಲನ್ನೋ ಹಿಡಿದು ಒಂದೊಂದೇ ಟೈಲ್ಸ್ ತಟ್ಟುತ್ತಾ ಹೋಗಿ. ಗಟ್ಟಿ ಶಬ್ದ ಬಂದರೆ ಸರಿ. ಟೊಳ್ಳು ಶಬ್ದ ಬಂದರೆ ಕೆಳಗೆ ಗಾರೆ ಬಿಟ್ಟುಕೊಂಡಿದೆ ಅಂತ ಅರ್ಥ. ಸಿಮೆಂಟ್ ಮರಳಿನ ಗಾರೆ ಹಾಸಿ ಅದರ ಮೇಲೆ ಟೈಲ್ಸ್ ಕೂರಿಸಿದ ಹಳೇ ನೆಲಗಳಲ್ಲಿ ಅಲ್ಲಲ್ಲಿ ಟೊಳ್ಳು ಇರುವುದು ಸಾಮಾನ್ಯ. ಒಂದೆರಡು ಇದ್ದರೆ ಅವನ್ನಷ್ಟೇ ಎಬ್ಬಿಸಿ ಮತ್ತೆ ಕೂರಿಸಬಹುದು. ಕೋಣೆಯ ಕಾಲುಭಾಗ ಟೊಳ್ಳಾಗಿದ್ದರೆ, ಅಥವಾ ಕಾಲಿಟ್ಟಾಗ ಟೈಲ್ಸ್ ಅಲುಗಾಡುತ್ತಿದ್ದರೆ, ಬಣ್ಣವೂ ಬೇಡ, ಮೇಲೆ ಹೊಸ ಟೈಲ್ಸೂ ಬೇಡ. ಕಿತ್ತು ಹಾಕಿಸುವುದೊಂದೇ ದಾರಿ.

ಎರಡನೆಯದು ತೇವ. ಒಂದು ಅಡಿ ಅಗಲದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಸಂದುಗಳ ಮೇಲೆ ಬರುವ ಹಾಗೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ಇಡೀ ದಿನ ಬಿಡಿ. ತೆಗೆದಾಗ ಹಾಳೆಯ ಒಳಬದಿಯಲ್ಲಿ ಬೆವರು ಹನಿ ಕಂಡರೆ, ಅಥವಾ ಸಂದಿನ ಬಣ್ಣ ಗಾಢವಾಗಿದ್ದರೆ ಕೆಳಗಿನಿಂದ ನೀರು ಮೇಲೇರುತ್ತಿದೆ. ನೆಲಮಹಡಿಯ ಮನೆಗಳಲ್ಲಿ, ಅದರಲ್ಲೂ ಕರಾವಳಿ ಮಲೆನಾಡಿನ ಕಡೆ, ಇದು ಜಾಸ್ತಿ. ಸಂದುಗಳಲ್ಲಿ ಬಿಳೀ ಉಪ್ಪಿನ ಪುಡಿ ಏಳುತ್ತಿದ್ದರೂ ಅದೇ ಸಮಸ್ಯೆ. ಇಂಥ ನೆಲಕ್ಕೆ ಎಷ್ಟೇ ದುಬಾರಿ ಬಣ್ಣ ಹಚ್ಚಿದರೂ ಗುಳ್ಳೆ ಎದ್ದು ಸಿಪ್ಪೆ ಸಿಪ್ಪೆಯಾಗಿ ಬರುತ್ತದೆ.

ಕೊಳಕು ಸಂದಿನಲ್ಲಿದೆಯಾ, ಟೈಲ್ಸ್‌ನಲ್ಲಿದೆಯಾ?

ಬಣ್ಣದ ಯೋಚನೆ ಮಾಡುವ ಅರ್ಧಕ್ಕರ್ಧ ಜನಕ್ಕೆ ಬಣ್ಣವೇ ಬೇಕಾಗಿರುವುದಿಲ್ಲ ಅಂತ ನನ್ನ ಅನುಮಾನ. ನೆಲ ಹಳೆಯದಾಗಿ ಕಾಣುವುದಕ್ಕೆ ದೊಡ್ಡ ಕಾರಣ ಟೈಲ್ಸ್ ಅಲ್ಲ, ನಡುವಿನ ಸಂದು. ಬಿಳೀ ಸಿಮೆಂಟ್ ತುಂಬಿದ ಸಂದು ಎಣ್ಣೆ, ಧೂಳು, ಒರೆಸಿದ ನೀರು ಎಲ್ಲ ಕುಡಿದು ಕಪ್ಪಾಗಿರುತ್ತದೆ. ಟೈಲ್ಸ್ ಮೇಲಿನ ಗಾಜಿನಂಥ ಪದರ ಏನನ್ನೂ ಕುಡಿಯುವುದಿಲ್ಲ, ಅದರ ಮೇಲಿರುವುದು ಬರೀ ಜಿಡ್ಡು ಮತ್ತು ಉಪ್ಪುನೀರಿನ ಕಲೆ.

ಒಂದು ಮೂಲೆಯಲ್ಲಿ ಪರೀಕ್ಷೆ ಮಾಡಿ. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ, ಹತ್ತು ನಿಮಿಷ ನೆನೆಸಿ, ಗಟ್ಟಿ ಬ್ರಷ್‌ನಲ್ಲಿ ಉಜ್ಜಿ. ಟೈಲ್ಸ್ ಹೊಳಪು ಬಂದು ಸಂದು ಮಾತ್ರ ಕಪ್ಪಾಗಿ ಉಳಿದರೆ ನಿಮ್ಮ ಕೆಲಸ ಸುಲಭ. ಹಳೇ ಸಂದನ್ನು ಕೆರೆದು ತೆಗೆದು ಎಪಾಕ್ಸಿ ಗ್ರೌಟ್, ಅಂದರೆ ಸಂದು ತುಂಬುವ ಎಪಾಕ್ಸಿ ಲೇಪ, ತುಂಬಿಸಿ. ಮೇಲೆ ಮೇಲೆ ಕೆರೆದು ಬಳಿದರೆ ನಿಲ್ಲುವುದಿಲ್ಲ, ಟೈಲ್ಸ್ ದಪ್ಪದ ಮೂರರಲ್ಲಿ ಎರಡು ಭಾಗದಷ್ಟು ಆಳಕ್ಕಾದರೂ ತೆಗೆಯಬೇಕು. ಎಪಾಕ್ಸಿ ಗ್ರೌಟ್ ನೀರು ಕುಡಿಯುವುದಿಲ್ಲ, ಅರಿಶಿನದ ಕಲೆ ಕೂಡ ಸಿಮೆಂಟ್ ಗ್ರೌಟ್‌ನಷ್ಟು ಹಿಡಿಯುವುದಿಲ್ಲ. ಬೆಲೆ ಜಾಸ್ತಿ, ತುಂಬಿದ ತಕ್ಷಣ ಟೈಲ್ಸ್ ಮೇಲಿನದನ್ನು ಒರೆಸದಿದ್ದರೆ ಕಲ್ಲಾಗಿ ಕೂರುತ್ತದೆ. ಹಾಗಾಗಿ ಇದನ್ನು ಮಾಡಿ ಅಭ್ಯಾಸ ಇರುವವರ ಕೈಯಲ್ಲೇ ಮಾಡಿಸಿ.

ಇನ್ನೊಂದು ಮಾತು. ಸಂದು ಬೆಳ್ಳಗಾಗಲಿ ಅಂತ ಆಸಿಡ್ ಸುರಿಯುವ ಅಭ್ಯಾಸ ಬಿಡಿ. ಆಸಿಡ್ ಸಿಮೆಂಟನ್ನು ತಿನ್ನುತ್ತದೆ. ಅಂದು ಬೆಳ್ಳಗೆ ಕಾಣುತ್ತದೆ, ಆಮೇಲೆ ಸಂದು ಟೊಳ್ಳಾಗಿ ಇನ್ನಷ್ಟು ಕೊಳೆ ಹಿಡಿಯುತ್ತದೆ.

ಬಣ್ಣ: ಎಲ್ಲಿ ನಿಲ್ಲುತ್ತದೆ, ಎಲ್ಲಿ ನಿಲ್ಲುವುದಿಲ್ಲ

ಈಗ ಮುಖ್ಯ ವಿಷಯಕ್ಕೆ ಬರೋಣ. ಗೋಡೆ ಬಣ್ಣವನ್ನು ಕುಡಿಯುತ್ತದೆ, ಟೈಲ್ಸ್ ಕುಡಿಯುವುದಿಲ್ಲ. ಟೈಲ್ಸ್ ಮೇಲಿನ ಆ ಹೊಳಪಿನ ಪದರ, ಗ್ಲೇಜ್, ಅಂದರೆ ಮೂಲತಃ ಗಾಜು. ವಿಟ್ರಿಫೈಡ್ ಟೈಲ್ಸ್ ಆದರೆ ಒಳಗೂ ಅಷ್ಟೇ, ಅದು ಹೀರುವ ನೀರು ಅದರ ತೂಕದ ಶೇ. 0.5ಕ್ಕಿಂತ ಹೆಚ್ಚಿರುವುದಿಲ್ಲ. ಹಾಗಾಗಿ ಬಣ್ಣಕ್ಕೆ ಹಿಡಿದುಕೊಳ್ಳಲು ಇರುವುದು ನೀವು ಉಜ್ಜಿ ಮಾಡಿದ ಗೀರುಗಳು ಮತ್ತು ಪ್ರೈಮರ್‌ನ ಅಂಟು, ಇವೆರಡೇ. ಅದಕ್ಕೇ ಗೋಡೆಯ ಎಮಲ್ಷನ್ ಇಲ್ಲಿ ಬೇಡವೇ ಬೇಡ. ಕಿಟಕಿ ಗ್ರಿಲ್ಲಿಗೆ ಹೊಡೆಯುವ ಎನಾಮಲ್ ಕೂಡ ಬೇಡ. ಅಂಗಡಿಯವರು "ನಡೆಯುತ್ತೆ ಸಾರ್, ಹೊಡೀರಿ" ಅನ್ನುತ್ತಾರೆ. ಕುರ್ಚಿ ಎಳೆದಾಡುವ ಜಾಗದಲ್ಲಿ ಅದು ಬೇಗನೇ ಎದ್ದು ಬರುತ್ತದೆ.

ನೆಲಕ್ಕೆ ಸರಿಹೊಂದುವುದು ಎರಡು ಡಬ್ಬದ ಎಪಾಕ್ಸಿ. ಒಂದು ಡಬ್ಬದಲ್ಲಿ ಬೇಸ್, ಇನ್ನೊಂದರಲ್ಲಿ ಹಾರ್ಡನರ್. ಎರಡೂ ಸೇರಿದ ಮೇಲೆ ಒಳಗೇ ರಾಸಾಯನಿಕ ಕ್ರಿಯೆ ನಡೆದು ಗಟ್ಟಿಯಾಗುತ್ತದೆ, ಸುಮ್ನೆ ಒಣಗುವುದಲ್ಲ. ಅದಕ್ಕೇ ಅಳತೆ ಇಲ್ಲಿ ಎಲ್ಲಕ್ಕಿಂತ ಮುಖ್ಯ. ಡಬ್ಬದ ಮೇಲೆ ಎಷ್ಟಕ್ಕೆ ಎಷ್ಟು ಅಂತ ಬರೆದಿದೆಯೋ ಅಷ್ಟೇ ಬೆರೆಸಬೇಕು. "ಬೇಗ ಗಟ್ಟಿಯಾಗಲಿ" ಅಂತ ಹಾರ್ಡನರ್ ಜಾಸ್ತಿ ಹಾಕಿದರೆ ಬಣ್ಣ ಹಾಳು. ಬೆರೆಸಿದ ಮೇಲೆ ಬಳಸಲು ಇರುವ ಸಮಯವೂ ಕಡಿಮೆ. ಬಿಸಿ ಹೆಚ್ಚಿದಷ್ಟೂ ಅದು ಇನ್ನೂ ಕುಗ್ಗುತ್ತದೆ, ಸುಮಾರು 10 ಡಿಗ್ರಿ ಏರಿದರೆ ಅರ್ಧಕ್ಕೆ ಇಳಿಯುತ್ತದೆ ಅಂತ ಲೆಕ್ಕ. ಹಾಗಾಗಿ ರಾಯಚೂರು, ಕಲಬುರಗಿ ಕಡೆ ಏಪ್ರಿಲ್ ಮಧ್ಯಾಹ್ನ ಇಡೀ ಡಬ್ಬ ಒಟ್ಟಿಗೆ ಬೆರೆಸಿ ಕೂತರೆ ಅರ್ಧ ಬಣ್ಣ ಡಬ್ಬದಲ್ಲೇ ಕಲ್ಲಾಗುತ್ತದೆ. ಸ್ವಲ್ಪ ಸ್ವಲ್ಪವೇ ಬೆರೆಸಿಕೊಳ್ಳಿ, ಬೆಳಗ್ಗೆಯೇ ಶುರು ಮಾಡಿ.

ಎಷ್ಟು ಬೇಕು? 10 ಅಡಿಗೆ 12 ಅಡಿ ಕೋಣೆ ಅಂದರೆ 120 ಚದರ ಅಡಿ. ನುಣುಪಾದ ಟೈಲ್ಸ್ ಮೇಲೆ ಒಂದು ಲೀಟರ್ ಸುಮಾರು 80ರಿಂದ 100 ಚದರ ಅಡಿ ಬರುತ್ತದೆ ಅಂದುಕೊಂಡರೆ ಎರಡು ಕೋಟ್‌ಗೆ ಎರಡೂವರೆಯಿಂದ ಮೂರು ಲೀಟರ್. ಪ್ರೈಮರ್ ಬೇರೆ. ನೀವು ಕೊಳ್ಳುವ ಬಣ್ಣದ ಡಬ್ಬದ ಮೇಲೆ ಬೇರೆ ಲೆಕ್ಕ ಇದ್ದರೆ ಅದನ್ನೇ ನಂಬಿ.

ಕೆಲಸದಲ್ಲಿ ಬಣ್ಣ ಹೊಡೆಯುವುದು ಚಿಕ್ಕ ಭಾಗ, ತಯಾರಿಯೇ ಮುಕ್ಕಾಲು. ಮೊದಲು ಜಿಡ್ಡು ಪೂರ್ತಿ ಹೋಗಬೇಕು. ನೆಲಕ್ಕೆ ಯಾವತ್ತಾದರೂ ಪಾಲಿಶ್, ಮೇಣ ಹಾಕಿದ್ದರೆ ಅದೂ ಹೋಗಬೇಕು. ಆಮೇಲೆ 80ರಿಂದ 120 ನಂಬರಿನ ಎಮರಿ ಪೇಪರಿನಲ್ಲಿ ಹೊಳಪು ಸಾಯುವವರೆಗೆ ಉಜ್ಜಬೇಕು. ದೀಪ ಅಡ್ಡ ಹಿಡಿದು ನೋಡಿದರೆ ಎಲ್ಲೂ ಮಿಂಚಬಾರದು. ಉಜ್ಜುವಾಗ ನೀರು ಚಿಮುಕಿಸಿಕೊಳ್ಳಿ, ಎನ್95 ಮಾಸ್ಕ್ ಹಾಕಿ. ಟೈಲ್ಸ್ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಆಮೇಲೆ ತೊಳೆದು, ಸಂದುಗಳು ಪೂರ್ತಿ ಒಣಗಲು ಒಂದು ದಿನ ಬಿಟ್ಟು, ಟೈಲ್ಸ್‌ಗೆ ಅಂತಲೇ ಬರೆದಿರುವ ಪ್ರೈಮರ್ ಒಂದು ಕೋಟ್. ಅದರ ಮೇಲೆ ಬಣ್ಣ ತೆಳ್ಳಗೆ ಎರಡು ಕೋಟ್. ಒಂದೇ ಸಲ ದಪ್ಪಗೆ ಹೊಡೆದು ಮುಗಿಸುವ ಪೇಂಟರ್ ಇದ್ದರೆ ಪಕ್ಕದಲ್ಲೇ ನಿಂತು ತಡೆಯಿರಿ. ಎರಡು ಕೋಟುಗಳ ನಡುವೆ ಇಷ್ಟು ಗಂಟೆಯಿಂದ ಇಷ್ಟು ಗಂಟೆಯೊಳಗೆ ಅಂತ ಡಬ್ಬದ ಮೇಲೆ ಇರುತ್ತದೆ. ಅದು ದಾಟಿದರೆ ಮತ್ತೆ ಉಜ್ಜಿಯೇ ಮುಂದಿನ ಕೋಟ್ ಹೊಡೆಯಬೇಕು.

ಕೊನೆಯ ಕೋಟ್ ಆಗಿ ಒಂದು ದಿನಕ್ಕೆ ಬರಿಗಾಲಲ್ಲಿ ನಡೆದಾಡಬಹುದು. ಮಂಚ, ಬೀರು ಇಡಲು, ನೀರು ಹಾಕಿ ಒರೆಸಲು ಒಂದು ವಾರ ಕಾಯಬೇಕು. ಅಡುಗೆಮನೆ ವಿಷಯದಲ್ಲಿ ಎಲ್ಲರೂ ಎಡವುವುದು ಇಲ್ಲೇ. ತಯಾರಿಯ ದಿನಗಳೂ ಸೇರಿ ಹತ್ತು ದಿನ ಅಡುಗೆಮನೆ ಖಾಲಿ ಬಿಡಲು ನಿಮಗೆ ಆಗುತ್ತದಾ? ಆಗದಿದ್ದರೆ ಅಲ್ಲಿಗೆ ಬಣ್ಣ ಬೇಡ.

ಕೆಲವು ಎಚ್ಚರಿಕೆ. ಸಾಲ್ವೆಂಟ್ ಇರುವ ಬಣ್ಣದ ಆವಿಗೆ ಬೆಂಕಿ ಹತ್ತುತ್ತದೆ. ಕೆಲಸ ನಡೆಯುವಾಗ ಒಲೆ ಹಚ್ಚಬೇಡಿ, ದೇವರ ದೀಪ, ಊದುಬತ್ತಿ ಕೂಡ ಅವತ್ತಿಗೆ ಬೇರೆ ಕಡೆ. ಕಿಟಕಿ ತೆಗೆದಿಡಿ. ಕೈಗೆ ಗ್ಲೌಸ್ ಇರಲಿ, ಎಪಾಕ್ಸಿ ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತದೆ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ತೀರ್ಥಹಳ್ಳಿ, ಮಡಿಕೇರಿ, ಉಡುಪಿ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲವೇ ಬೆವರುತ್ತಿರುತ್ತದೆ. ಜನವರಿಯಿಂದ ಏಪ್ರಿಲ್ ಒಳ್ಳೆಯ ಕಾಲ.

ಇನ್ನು ಬಿಸಿಲು. ಎಪಾಕ್ಸಿಗೆ ಬಿಸಿಲು ಆಗಿಬರುವುದಿಲ್ಲ. ಬಿಳಿ ಬಣ್ಣ ಹಳದಿಯಾಗುತ್ತದೆ, ಹೊಳಪು ಹೋಗಿ ಪುಡಿಪುಡಿಯಾಗುತ್ತದೆ. ಬಿಸಿಲು ಬೀಳುವ ಹಾಲ್ ಆದರೆ ಮೇಲೆ ಬಿಸಿಲು ತಾಳುವ ಪಾಲಿಯುರಿಥೇನ್ ಕೋಟ್ ಬೇಕೇಬೇಕು. ಬಾಲ್ಕನಿ, ಟೆರೇಸ್ ಆದರೆ ಎಪಾಕ್ಸಿಯ ಆಸೆಯನ್ನೇ ಬಿಡಿ. ಜಾರುವುದು ಇನ್ನೊಂದು ತೊಂದರೆ. ಬಣ್ಣ ಹೊಡೆದ ನೆಲ ಒದ್ದೆಯಾದರೆ ಮೊದಲಿಗಿಂತ ಜಾಸ್ತಿ ಜಾರುತ್ತದೆ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಕೊನೆಯ ಕೋಟ್‌ಗೆ ಜಾರದಂತೆ ಮಾಡುವ ಸಣ್ಣ ಪುಡಿ ಬೆರೆಸಿಸಿ. ಆಗ ನೆಲ ಸ್ವಲ್ಪ ಒರಟಾಗುತ್ತದೆ, ಕೊಳೆ ಬೇಗ ಹಿಡಿಯುತ್ತದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ.

ಇಷ್ಟೆಲ್ಲ ಓದಿದ ಮೇಲೂ ಬಣ್ಣವೇ ಬೇಕು ಅನಿಸಿದರೆ ಮಂಚದ ಕೆಳಗಿನ ಯಾವುದಾದರೂ ಒಂದು ಟೈಲ್ಸ್‌ಗೆ ಪೂರ್ತಿ ವಿಧಾನದಲ್ಲಿ ಹಚ್ಚಿ, ಒಂದು ವಾರ ಬಿಡಿ. ಆಮೇಲೆ ಬ್ಲೇಡಿನಿಂದ ಚೌಕುಳಿ ಗೀರು ಹಾಕಿ, ಗಟ್ಟಿ ಟೇಪ್ ಒತ್ತಿ ಅಂಟಿಸಿ, ಒಮ್ಮೆಲೇ ಕಿತ್ತು ನೋಡಿ. ಟೇಪಿನ ಜೊತೆ ಬಣ್ಣ ಬಂದರೆ ಒಂದೇ ಟೈಲ್ಸ್‌ಗೆ ನಷ್ಟ ಮುಗಿಯಿತು.

ಬಣ್ಣದ ವಿಷಯದಲ್ಲಿ ಯಾರೂ ಹೇಳದ ಒಂದು ಮಾತಿದೆ. ಇದು ಹಿಂದಕ್ಕೆ ಬರಲಾಗದ ದಾರಿ. ಬೇಜಾರಾಯಿತು ಅಂತ ನಾಳೆ ಅದರ ಮೇಲೆ ಹೊಸ ಟೈಲ್ಸ್ ಅಂಟಿಸಲು ಹೋದರೆ, ಅಂಟು ಹಿಡಿಯುವುದು ಟೈಲ್ಸ್‌ಗಲ್ಲ, ಬಣ್ಣಕ್ಕೆ. ಬಣ್ಣ ಬಿಟ್ಟರೆ ಮೇಲಿನದ್ದೂ ಬಿಟ್ಟಿತು. ಆಗ ಮಷೀನ್ ಹಿಡಿದು ಬಣ್ಣವನ್ನೆಲ್ಲ ಉಜ್ಜಿ ತೆಗೆಸಬೇಕು, ಅದಕ್ಕೆ ಬೇರೆ ಕೂಲಿ. ಎರಡು ಮೂರು ವರ್ಷದಲ್ಲಿ ಹೇಗೂ ಟೈಲ್ಸ್ ಹಾಕಿಸುವ ಯೋಚನೆ ಇದ್ದರೆ ಈಗ ಬಣ್ಣ ಹಚ್ಚುವುದು ಬುದ್ಧಿವಂತಿಕೆ ಅಲ್ಲ.

ವಿನೈಲ್: ಬಾಡಿಗೆ ಮನೆಯವರ ಗೆಳೆಯ

ಇದರಲ್ಲೂ ಬಗೆಗಳಿವೆ. ರೋಲಿನಲ್ಲಿ ಬರುವ ತೆಳ್ಳನೆಯ ಪಿವಿಸಿ ಶೀಟ್, ಹಿಂದೆ ಅಂಟು ಇರುವ ಸ್ಟಿಕ್ಕರ್ ಟೈಲ್ಸ್, ಒಂದಕ್ಕೊಂದು ಸಿಕ್ಕಿಸುವ ಗಟ್ಟಿ ಹಲಗೆ. ಕೊನೆಯದನ್ನು ಅಂಗಡಿಯಲ್ಲಿ ಎಸ್‌ಪಿಸಿ ಅನ್ನುತ್ತಾರೆ, 4-5 ಮಿ.ಮೀ. ದಪ್ಪ ಇರುತ್ತದೆ. ಶೀಟ್ ತೆಳ್ಳಗಿದ್ದಷ್ಟೂ ಕೆಳಗಿನ ಸಂದಿನ ಗೆರೆ ಮೇಲಕ್ಕೆ ಕಾಣುತ್ತದೆ. ಮೊದಮೊದಲು ಗೊತ್ತಾಗುವುದಿಲ್ಲ, ಓಡಾಡಿ ಓಡಾಡಿ ಚೌಕುಳಿ ಎದ್ದು ಬರುತ್ತದೆ.

ವಿನೈಲ್‌ನ ಶತ್ರು ಅಂಚಿನಿಂದ ನುಗ್ಗುವ ನೀರು. ಬಕೆಟ್ ನೀರು ಸುರಿದು ಗುಡಿಸಿ ಹೊರಗೆ ತಳ್ಳುವ ಅಭ್ಯಾಸ ಇರುವ ಮನೆಯಲ್ಲಿ ನೀರು ಕೆಳಗೆ ಹೋಗಿ ನಿಂತು ವಾಸನೆ ಬರುತ್ತದೆ. ಹಿಂಡಿದ ಮಾಪಿನಲ್ಲಿ ಒರೆಸುವುದಾದರೆ ತೊಂದರೆ ಇಲ್ಲ. ಬಿಸಿ ಬಾಣಲೆ ನೆಲಕ್ಕೆ ಇಟ್ಟರೆ ಸುಟ್ಟ ಗುರುತು ಶಾಶ್ವತ. ಆದರೆ ಇದರ ದೊಡ್ಡ ಗುಣ ಒಂದೇ ದಿನದ ಕೆಲಸ ಮತ್ತು ಅಂಟಿಸದೆ ಹಾಸಿದ್ದರೆ ಸುತ್ತಿಕೊಂಡು ಹೋಗಬಹುದು. ಬೆಂಗಳೂರಿನಲ್ಲಿ 11 ತಿಂಗಳ ಕರಾರಿನ ಮನೆಯಲ್ಲಿ ಇರುವವರು ಇದನ್ನು ಬಿಟ್ಟು ಬೇರೆ ಯೋಚನೆ ಮಾಡಬಾರದು. ಟೈಲ್ಸ್‌ಗೆ ಬಣ್ಣ ಹಚ್ಚಿದ್ದಕ್ಕೆ ಮನೆ ಮಾಲೀಕರು ಅಡ್ವಾನ್ಸ್‌ನಲ್ಲಿ ಎಷ್ಟು ಹಿಡಿಯಬಹುದು ಅಂತ ನಿಮಗೇ ಗೊತ್ತು. ಸ್ಟಿಕ್ಕರ್ ಬಗೆಯದ್ದು ಬಾಡಿಗೆ ಮನೆಗೂ ಬೇಡ, ಕಿತ್ತಾಗ ಅಂಟು ಅಲ್ಲೇ ಉಳಿದು ಧೂಳು ಹಿಡಿಯುತ್ತದೆ.

ಮೇಲೇ ಹೊಸ ಟೈಲ್ಸ್

ಸ್ವಂತ ಮನೆ, ಹಳೇ ಟೈಲ್ಸ್ ಗಟ್ಟಿಯಾಗಿ ಕೂತಿದೆ, ಕೈಯಲ್ಲಿ ಸ್ವಲ್ಪ ಹಣ ಇದೆ ಅಂದರೆ ನನ್ನ ಓಟು ಇದಕ್ಕೇ. ಒಡೆಯುವ ಗಲಾಟೆ ಇಲ್ಲ, ಡೆಬ್ರಿಸ್ ಸಾಗಿಸುವ ಖರ್ಚಿಲ್ಲ, ಸಿಗುವುದು ಪೂರ್ತಿ ಹೊಸ ನೆಲ. ಆದರೆ ಸಿಮೆಂಟ್ ಹಾಲು ಸುರಿದು ಕೂರಿಸುವ ಹಳೇ ಪದ್ಧತಿ ಇಲ್ಲಿ ನಡೆಯುವುದಿಲ್ಲ, ನುಣುಪಾದ ಟೈಲ್ಸ್‌ಗೆ ಸಿಮೆಂಟ್ ಹಿಡಿಯುವುದಿಲ್ಲ. ಟೈಲ್ಸ್ ಮೇಲೆ ಟೈಲ್ಸ್ ಹಾಕಲು ಆಗುತ್ತದೆ ಅಂತ ಚೀಲದ ಮೇಲೇ ಬರೆದಿರುವ ಅಡ್ಹೆಸಿವ್ ಬೇಕು. ಇದಕ್ಕೆ ಭಾರತೀಯ ಮಾನಕ ಐಎಸ್ 15477 ಇದೆ, ಅದರಲ್ಲಿ ಅಂಟುಗಳನ್ನು ಟೈಪ್ ಪ್ರಕಾರ ವಿಂಗಡಿಸಿದ್ದಾರೆ. ಚೀಲದ ಮೇಲೆ ಈ ನಂಬರ್ ಮತ್ತು ಟೈಪ್ ಎರಡನ್ನೂ ನೋಡಿಯೇ ತನ್ನಿ. "ಸ್ವಲ್ಪ ಸಿಮೆಂಟ್ ಬೆರೆಸಿದರೆ ಉಳಿತಾಯ" ಅನ್ನುವ ಮೇಸ್ತ್ರಿ ಇದ್ದರೆ ಬೇರೆಯವರನ್ನು ಹುಡುಕಿ.

ಎತ್ತರದ ಲೆಕ್ಕ ಮೊದಲೇ ಹಾಕಿ. ಟೈಲ್ಸ್ 8-10 ಮಿ.ಮೀ., ಅಂಟು 3-5 ಮಿ.ಮೀ., ಒಟ್ಟು ಹೆಚ್ಚುಕಡಿಮೆ ಅರ್ಧ ಇಂಚು ನೆಲ ಮೇಲೇಳುತ್ತದೆ. ಬಾಗಿಲುಗಳ ಕೆಳಭಾಗ ಕತ್ತರಿಸಬೇಕು. ಹೊಸ್ತಿಲು ಇರುವ ಮನೆಯಲ್ಲಿ ಅದು ಅಷ್ಟು ತಗ್ಗುತ್ತದೆ. ಒಂದೇ ಕೋಣೆಗೆ ಹಾಕಿದರೆ ಪಕ್ಕದ ಕೋಣೆಗೆ ಹೋಗುವಾಗ ಎಡವುವ ಹಾಗೆ ಏಣು ಉಳಿಯುತ್ತದೆ. ಬಾತ್‌ರೂಮಿನಲ್ಲಿ ನೆಲ ಏರಿಬಿಟ್ಟರೆ ನೀರು ಕೋಣೆಗೇ ಬರಬಹುದು. ತೂಕವೂ ಇದೆ, ಚದರ ಮೀಟರಿಗೆ ಸುಮಾರು 25 ಕೆ.ಜಿ. ನಮ್ಮ 120 ಚದರ ಅಡಿ ಕೋಣೆಗೆ 275 ಕೆ.ಜಿ. ಆಸುಪಾಸು. ಇಡೀ ಕೋಣೆಗೆ ಹಂಚಿಹೋಗುವ ಭಾರ ಇದು, ಗಟ್ಟಿಮುಟ್ಟಾದ ಆರ್‌ಸಿಸಿಗೆ ಸಾಮಾನ್ಯವಾಗಿ ಹೆಚ್ಚಲ್ಲ. ಹೊರಚಾಚಿದ ಬಾಲ್ಕನಿ, ಹಳೇ ತಾರಸಿ ಆದರೆ ಮಾತ್ರ ಎಂಜಿನಿಯರ್ ಒಬ್ಬರನ್ನು ಕೇಳಿಯೇ ಮುಂದುವರಿಯಿರಿ.

ಕಿತ್ತು ಹಾಕಿಸುವುದು

ಇದು ಬೇಕಾಗಿಯೇ ಬರುವ ಸಂದರ್ಭಗಳು ಕಡಿಮೆ. ನೆಲ ಟೊಳ್ಳಾಗಿರುವುದು, ಕೆಳಗಿನಿಂದ ತೇವ ಏರುವುದು, ಬಾತ್‌ರೂಮಿನ ನೀರು ಕೆಳಗಿನ ಮನೆಯ ಚಾವಣಿಗೆ ಸೋರುವುದು. ಸೋರಿಕೆಯನ್ನು ಬಣ್ಣದಿಂದ ಮುಚ್ಚುತ್ತೇನೆ ಅಂತ ಯಾರಾದರೂ ಬಂದರೆ ನಂಬಬೇಡಿ. ಕಿತ್ತು, ವಾಟರ್ ಪ್ರೂಫಿಂಗ್ ಮಾಡಿಸಿ, ನೀರು ಕಟ್ಟಿ ನಿಲ್ಲಿಸಿ ಪರೀಕ್ಷೆ ಮಾಡಿಸಿ, ಆಮೇಲೇ ಟೈಲ್ಸ್. ಹಾಗೆಯೇ ಚೆನ್ನಾಗಿರುವ ಬಾತ್‌ರೂಮನ್ನು ಬರೀ ಅಂದಕ್ಕೆ ಒಡೆಸಬೇಡಿ. ಒಡೆಯುವಾಗ ಕೆಳಗಿನ ವಾಟರ್ ಪ್ರೂಫಿಂಗ್ ಹಾಳಾಗಿ ಇಲ್ಲದ ಸೋರಿಕೆ ಶುರುವಾಗುತ್ತದೆ.

ನಿಮ್ಮ ಕೋಣೆಗೆ ಯಾವುದು?

ಮಲಗುವ ಕೋಣೆ, ಓದುವ ಕೋಣೆ, ಹೆಚ್ಚು ಓಡಾಟ ಇಲ್ಲದ ಮಹಡಿಯ ಕೋಣೆ: ಬಣ್ಣ ಚೆನ್ನಾಗಿ ನಿಲ್ಲುವುದು ಇಲ್ಲೇ. ಕೈಯಲ್ಲಿ ಸಮಯ ಇದ್ದು ಸ್ಟೆನ್ಸಿಲ್ ಇಟ್ಟು ಚಿತ್ತಾರ ಮಾಡುವ ಹುಮ್ಮಸ್ಸಿದ್ದರೆ ಖಂಡಿತ ಮಾಡಿ. ಹಾಲ್ ಆದರೆ ಸಂದು ಹೊಸದು ಮಾಡಿಸುವುದು, ಅದು ಸಾಲದಿದ್ದರೆ ಟೈಲ್ಸ್ ಮೇಲೆ ಟೈಲ್ಸ್. ಅಡುಗೆಮನೆಗೆ ಎಪಾಕ್ಸಿ ಗ್ರೌಟ್ ಒಂದೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ಗ್ರೈಂಡರ್, ಸಿಲಿಂಡರ್, ಕಾಯಿ ಒಡೆಯುವ ಏಟು ಇವನ್ನೆಲ್ಲ ತಾಳುವಷ್ಟು ಬಣ್ಣ ಗಟ್ಟಿಯಲ್ಲ.

ದೇವರ ಕೋಣೆ ಚಿಕ್ಕದು, ಬಣ್ಣಕ್ಕೆ ಹೇಳಿ ಮಾಡಿಸಿದ ಹಾಗೆ ಕಾಣುತ್ತದೆ. ಆದರೆ ಎಣ್ಣೆ, ಅರಿಶಿನ, ಕುಂಕುಮ ದಿನಾ ಬೀಳುತ್ತದೆ. ತಿಳಿ ಬಣ್ಣ ಹಚ್ಚಿದರೆ ಕಲೆ ಕೂರುತ್ತದೆ. ಕಾವಿ ನೆಲದಂಥ ಗಾಢ ಕೆಂಪು ಹಚ್ಚಿ, ಮೇಲೆ ಬಿಳಿ ರಂಗೋಲಿ ಕೂಡ ಎದ್ದು ಕಾಣುತ್ತದೆ.

ಬಕೆಟ್ ಸ್ನಾನದ ಬಾತ್‌ರೂಮ್, ಪಾತ್ರೆ ತೊಳೆಯುವ ಹಿತ್ತಲ ಜಾಗ, ಬಿಸಿಲು ಮಳೆ ಬೀಳುವ ಬಾಲ್ಕನಿ ಈ ಮೂರಕ್ಕೂ ಬಣ್ಣ ಬೇಡ. ಗುತ್ತಿಗೆಯವರು ಐದು ವರ್ಷ ಗ್ಯಾರಂಟಿ ಅಂದರೂ ಬೇಡ. ಅವರು ಹಾಗೆ ಅಂದಾಗ ಒಂದೇ ಪ್ರಶ್ನೆ ಕೇಳಿ: ಆಸಿಡ್ ಹಾಕಿ ತೊಳೆದರೂ ಗ್ಯಾರಂಟಿ ಇರುತ್ತದಾ, ಬರೆದು ಕೊಡುತ್ತೀರಾ?